ಒಂಬೈನೂರು ರೂಪಾಯಿ ಡಯಲ್ ಗೇಜ್‌ನಲ್ಲಿ ನಾಯಿಯ ಬಿಪಿ ನೋಡಿದ ನನ್ನ ಅನುಭವ

ಮಾನಿಟರ್‌ನಲ್ಲಿ ಗಾಳಿ ತುಂಬುವ ಪಟ್ಟಿ (ಕಫ್) ಕಟ್ಟಿ ಅಳೆದ ಬಿಪಿ 118/74, ಮೀನ್ ಅಂದರೆ ಸರಾಸರಿ ಒತ್ತಡ 88 ಅಂತ ತೋರಿಸುತ್ತಿತ್ತು. ಟೇಬಲ್ ಮೇಲೆ ಪಯೋಮೆಟ್ರಾ ಆಗಿದ್ದ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬಿದ್ದ ಎಂಟು ವರ್ಷದ ಪಗ್ ನಾಯಿ. ಒಸಡು ಬಿಳಿಚಿಕೊಂಡಿತ್ತು, ತೊಡೆಯ ನಾಡಿ ದಾರದ ಹಾಗೆ ಬೆರಳಿಗೆ ಸಿಕ್ಕಿ ಸಿಗದ ಹಾಗಿತ್ತು. ಆದರೂ ನಾನು ಪರದೆಯ ಮೇಲಿನ ಸಂಖ್ಯೆ ನಂಬಿದೆ. ಬಿಪಿ ಇಳಿಸುವ ಅರಿವಳಿಕೆ ಅನಿಲ ಐಸೋಫ್ಲುರೇನನ್ನು ಶೇಕಡಾ 2ರಲ್ಲೇ ಬಿಟ್ಟೆ. ಆಪರೇಷನ್ ಚೆನ್ನಾಗಿಯೇ ಮುಗಿಯಿತು. ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಮೊದಲು 1.4ರ ಆಸುಪಾಸು ಇತ್ತು, ಮೂರನೇ ದಿನ 5 ದಾಟಿತು. ಹತ್ತು ಹನ್ನೊಂದು ದಿನ ಡ್ರಿಪ್ ಹಾಕಿ ಉಳಿಸಿಕೊಂಡೆವು. ಪಯೋಮೆಟ್ರಾ ತಾನಾಗಿಯೇ ಕಿಡ್ನಿಗೆ ಪೆಟ್ಟು ಕೊಡುತ್ತದೆ, ಎಲ್ಲವನ್ನೂ ಬಿಪಿ ತಲೆಗೆ ಕಟ್ಟಲು ಆಗುವುದಿಲ್ಲ, ಗೊತ್ತು. ಆದರೆ ಆ ಒಂದು ಗಂಟೆಯಲ್ಲಿ ಅದರ ನಿಜವಾದ ಮೀನ್ 50 ಕೂಡ ಇರಲಿಲ್ಲ ಅಂತ ನನಗೆ ಈಗ ಖಾತ್ರಿ ಇದೆ. ಆ ಮೇಲೆ ಎಷ್ಟೋ ನಾಯಿಗಳಲ್ಲಿ ಅದೇ ಒಸಡು, ಅದೇ ನಾಡಿ ಇದ್ದಾಗ ರಕ್ತನಾಳದ ಒಳಗಿನಿಂದಲೇ ಅಳೆದು ನೋಡಿದ್ದೇನೆ.

ನನ್ನದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಪ್ರಾಣಿಗಳ ಚಿಕ್ಕ ಕ್ಲಿನಿಕ್. ಒಂದು ಟೇಬಲ್, ಒಂದು ಅನಸ್ತೇಸಿಯಾ ಮೆಷಿನ್, ಇಬ್ಬರು ಸಹಾಯಕರು. ಕಷ್ಟದ ಕೇಸನ್ನು ಮುಂಬೈಯ ಪರೇಲ್‌ಗೆ ಕಳಿಸಬಹುದು ನಿಜ. ಅಲ್ಲಿ ಹತ್ತೊಂಬತ್ತನೇ ಶತಮಾನದಿಂದ ನಡೆಯುತ್ತಿರುವ ಪ್ರಾಣಿಗಳ ಪೆಟಿಟ್ ಆಸ್ಪತ್ರೆ ಇದೆ, ವೆಟರ್ನರಿ ಕಾಲೇಜು ಇದೆ. ಆದರೆ ಜುಲೈ ಮಳೆಯಲ್ಲಿ ಲೋಕಲ್ ನಿಂತಾಗ, ರಸ್ತೆಯಲ್ಲಿ ನೀರು ತುಂಬಿದಾಗ, ಸೆಪ್ಟಿಕ್ ಆದ ನಾಯಿಯನ್ನು ಕಾರಲ್ಲಿ ಹಾಕಿಕೊಂಡು ಹೊರಡಿ ಅಂತ ಹೇಳಲು ಬಾಯಿ ಬರುವುದಿಲ್ಲ. ಇಲ್ಲೇ ಮಾಡಬೇಕು, ಸರಿಯಾಗಿ ಮಾಡಬೇಕು.

ಆರ್ಟೀರಿಯಲ್ ಲೈನ್, ಅಂದರೆ ಒತ್ತಡವನ್ನು ನೇರವಾಗಿ ಅಳೆಯಲು ಧಮನಿಯೊಳಗೆ ಸಣ್ಣ ನಳಿಗೆ ಹಾಕಿ ನನ್ನ ಕಫ್ ಮೆಷಿನ್ನನ್ನು ನಾನೇ ಪರೀಕ್ಷೆ ಮಾಡುತ್ತೇನೆ ಅಂದಾಗ ಊರ ಕಡೆಯ ಸಹಪಾಠಿಗಳೂ ಇಲ್ಲಿಯ ಗೆಳೆಯರೂ ಒಂದೇ ಮಾತು ಹೇಳಿದರು. ಅದು ಕಾಲೇಜಿನಲ್ಲಿ ಮಾಡುವ ಕೆಲಸ, ಕ್ಲಿನಿಕ್ಕಿನಲ್ಲಿ ಆಗುವುದಿಲ್ಲ. ಕಾಲು ಊದುತ್ತದೆ, ಮಾಲೀಕರು ಜಗಳಕ್ಕೆ ಬರುತ್ತಾರೆ, ಇಪ್ಪತ್ತು ವರ್ಷ ನಾಡಿ ಹಿಡಿದೇ ಮಾಡಿಲ್ಲವಾ ಅಂದರು. ನಾನು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುವಾಗ ಕಲಿತ ಒಂದು ಗಾದೆ ಅವರಿಗೆ ಹೇಳಿದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಸುಮಾರು ಒಂದೂವರೆ ವರ್ಷ ಪ್ರಮಾಣಿಸಿ ನೋಡಿದೆ. ನಲವತ್ತರ ಹತ್ತಿರ ನಾಯಿಗಳು, ನಾಲ್ಕು ಬೆಕ್ಕುಗಳು. ಈಗ ಯಾವ ಸಂಖ್ಯೆಯನ್ನು ಎಷ್ಟು ನಂಬಬೇಕು ಅಂತ ನನಗೆ ಗೊತ್ತು.

ಮೊದಲು ದುಡ್ಡು ಕಳೆದುಕೊಂಡ ಕಥೆ. ಮನುಷ್ಯರ ನರ್ಸಿಂಗ್ ಹೋಮ್ ಒಂದು ಹಳೆ ಮಾನಿಟರ್‌ಗಳನ್ನು ಮಾರುತ್ತಿತ್ತು. ಇನ್ವೇಸಿವ್ ಬಿಪಿ (ಧಮನಿಯ ಒಳಗಿನಿಂದ ಅಳೆಯುವ) ಪೋರ್ಟ್ ಇದೆ ಅಂತ ಇಪ್ಪತ್ತೆರಡು ಸಾವಿರ ಕೊಟ್ಟು ತಂದೆ. ಕೇಬಲ್ ಇರಲಿಲ್ಲ. ಲ್ಯಾಮಿಂಗ್ಟನ್ ರೋಡಿನಲ್ಲಿ ಎರಡು ದಿನ ಸುತ್ತಿ ಪಿನ್ ಹೊಂದುವ ಕೇಬಲ್ ಮಾಡಿಸಿದೆ, ಅದಕ್ಕೆ ಮತ್ತೆ ಮೂರು ಸಾವಿರ. ಟ್ರಾನ್ಸ್‌ಡ್ಯೂಸರ್ ಸೆಟ್ (ಒತ್ತಡವನ್ನು ವಿದ್ಯುತ್ ಸಂಕೇತ ಮಾಡುವುದು) ಹಾಕಿ ಜೀರೋ ಮಾಡಲು, ಅಂದರೆ ಸೊನ್ನೆಗೆ ಹೊಂದಿಸಲು ಹೋದರೆ ಪೋರ್ಟೇ ಸತ್ತಿತ್ತು. ವಾಪಸ್ ತೆಗೆದುಕೊಳ್ಳಲಿಲ್ಲ. ಆ ಮಾನಿಟರ್‌ನಲ್ಲಿ ಇಸಿಜಿ ಮಾತ್ರ ಬರುತ್ತದೆ, ಅದನ್ನು ಈಗ ರಿಕವರಿ ರೂಮಿನಲ್ಲಿ ಇಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದಯವಿಟ್ಟು ಟ್ರಾನ್ಸ್‌ಡ್ಯೂಸರ್, ಕೇಬಲ್ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಅಲ್ಲೇ ಜೀರೋ ಮಾಡಿಸಿ, ಆಮೇಲೆ ದುಡ್ಡು ಕೊಡಿ.

ಎರಡನೇ ಸೋಲು, ರಕ್ತದ ಓಟವನ್ನು ಸದ್ದಾಗಿ ಕೇಳಿಸಿ ಬಿಪಿ ಓದಲು ನೆರವಾಗುವ ಡಾಪ್ಲರ್‌ನಲ್ಲಿ. ವೆಟರ್ನರಿ ಡಾಪ್ಲರ್ ಅಂತ ಹೆಸರಿಟ್ಟು ಮಾರುವುದರ ಬೆಲೆ ಕೇಳಿ ಸುಮ್ಮನಾದೆ. ಗರ್ಭಿಣಿಯರ ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ಕೇಳುವ ಯಂತ್ರ ಮೂರು ಸಾವಿರಕ್ಕೆ ಸಿಕ್ಕಿತು, ತಂದೆ. ಪಂಜದ ಹಿಂದೆ ಇಟ್ಟರೆ ಬರೀ ಗಾಳಿ ಸದ್ದು. ಅದು 2-3 ಮೆಗಾಹರ್ಟ್ಸ್‌ನದು, ಆಳಕ್ಕೆ ಹೋಗುವಂಥದ್ದು. ಚರ್ಮದ ಕೆಳಗೇ ಇರುವ ಸಣ್ಣ ಧಮನಿಗೆ 8 ಅಥವಾ 10 ಬೇಕು. ಆಮೇಲೆ ತಲೆಗೆ ಹೊಳೆಯಿತು, ಸಕ್ಕರೆ ಕಾಯಿಲೆಯವರ ಕಾಲಿನ ರಕ್ತ ಓಟ ನೋಡುವ ಡಾಕ್ಟರುಗಳು ಬಳಸುವುದು ಇದೇ 8 ಮೆಗಾಹರ್ಟ್ಸ್ ಪೆನ್ ಅಲ್ವಾ? ಪ್ರಿನ್ಸೆಸ್ ಸ್ಟ್ರೀಟ್ ಕಡೆ ಸರ್ಜಿಕಲ್ ಅಂಗಡಿಗಳಲ್ಲಿ ಹುಡುಕಿ ಹದಿನೈದು ಸಾವಿರದ ಒಳಗೆ ತಂದೆ. ಯಾವ ಅಂಗಡಿ ಅಂತ ಹೇಳುವುದಿಲ್ಲ, ಇನ್ನೂ ಒಂದು ಕೊಳ್ಳುವುದಿದೆ ನನಗೆ.

ಇನ್ನು ಡಯಲ್ ಗೇಜ್. ಇದು ನನ್ನ ಕಂಡುಹಿಡಿತ ಅಲ್ಲ, ಹಳೆಯ ವಿಧಾನ. ಕಫ್‌ಗೆ ಹಾಕುವ ಅದೇ ಅನೆರಾಯ್ಡ್ ಗೇಜನ್ನು ಆರ್ಟೀರಿಯಲ್ ಲೈನಿಗೆ ಜೋಡಿಸುವುದು. ಧಮನಿಯಲ್ಲಿ ಕ್ಯಾನುಲಾ (ತೆಳು ನಳಿಗೆ), ಅಲ್ಲಿಂದ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಬೆರೆಸಿದ ಸಲೈನ್ ತುಂಬಿದ ಗಟ್ಟಿ ಎಕ್ಸ್‌ಟೆನ್ಷನ್, ತ್ರೀ ವೇ (ಮೂರು ದಾರಿಯ ನಲ್ಲಿ), ಅದರ ಆಚೆ ಗಾಳಿ ತುಂಬಿದ ಇನ್ನೊಂದು ನಳಿಗೆ, ಕೊನೆಯಲ್ಲಿ ಗೇಜ್. ಸಲೈನ್ ಮತ್ತು ಗಾಳಿ ಸೇರುವ ಗೆರೆ ಹೃದಯದ ಮಟ್ಟದಲ್ಲಿ ಇರಬೇಕು. ತೆರೆಯುವ ಮೊದಲು ಸಿರಿಂಜಿನಿಂದ ಗೇಜ್ ಕಡೆಗೆ ಒತ್ತಡ ತುಂಬಿ ಮುಳ್ಳನ್ನು ನಿಮ್ಮ ಅಂದಾಜಿಗಿಂತ ಸ್ವಲ್ಪ ಮೇಲೆ ನಿಲ್ಲಿಸಬೇಕು, ಇಲ್ಲದಿದ್ದರೆ ರಕ್ತ ಮೇಲೇರಿ ಬಂದು ನಳಿಗೆಯಲ್ಲೇ ಹೆಪ್ಪುಗಟ್ಟುತ್ತದೆ. ಅತಿಯಾಗಿ ತುಂಬಿದರೆ ಗಾಳಿ ನಾಯಿಯ ಕಡೆ ಹೋಗುತ್ತದೆ, ಅದು ಇನ್ನೂ ಅಪಾಯ. ಅದಕ್ಕೇ ಎಕ್ಸ್‌ಟೆನ್ಷನ್ ಉದ್ದದ್ದು ಇರಲಿ, ಗೆರೆಯ ಮೇಲೆ ಒಬ್ಬರ ಕಣ್ಣು ಇರಲಿ. ಮುಳ್ಳು ಒಂದು ಜಾಗದಲ್ಲಿ ಸಣ್ಣಗೆ ಅಲ್ಲಾಡುತ್ತಾ ನಿಲ್ಲುತ್ತದೆ. ಅದೇ ಮೀನ್. ಸಿಸ್ಟೋಲಿಕ್ (ಬಿಪಿಯ ಮೇಲಿನ ಸಂಖ್ಯೆ) ಸಿಗುವುದಿಲ್ಲ. ಅಂಗಾಂಗಕ್ಕೆ ರಕ್ತ ಎಷ್ಟು ಹೋಗುತ್ತಿದೆ ಅಂತ ನೋಡಲು ನನಗೆ ಬೇಕಾದದ್ದು ಮೀನೇ. ಗೇಜ್ ಒಂಬೈನೂರು ರೂಪಾಯಿ, ಬಿಸಾಡುವ ಸಾಮಾನು ಒಂದು ಕೇಸಿಗೆ ಇನ್ನೂರರ ಒಳಗೆ.

ಗೇಜ್ ನಿಜ ಹೇಳುತ್ತದಾ ಅಂತ ಮೊದಲು ನೋಡಬೇಕು. ನನ್ನ ಹತ್ತಿರ ಪಾದರಸದ ಹಳೇ ಉಪಕರಣ ಇರಲಿಲ್ಲ. ನೀರಲ್ಲಿ ಮಾಡಿದೆ. ಪಾದರಸದ 1 ಎಂಎಂ ಅಂದರೆ ನೀರಿನ 1.36 ಸೆಂಟಿಮೀಟರ್. ಡ್ರಿಪ್ ನಳಿಗೆಯಲ್ಲಿ ನೀರು ತುಂಬಿ ಕಿಟಕಿ ಸರಳಿಗೆ ಕಟ್ಟಿ, 68 ಸೆಂಟಿಮೀಟರ್ ಎತ್ತರದಲ್ಲಿ 50 ತೋರಿಸಬೇಕು, 136ರಲ್ಲಿ 100. ಮೂರು ಗೇಜ್ ತಂದಿದ್ದೆ, ಒಂದು ಎಲ್ಲಾ ಕಡೆ 8 ಜಾಸ್ತಿ ತೋರಿಸಿತು. ಹೊಸ ಡಬ್ಬಿಯಿಂದ ತೆಗೆದದ್ದು! ನಿಮ್ಮ ಡಾಪ್ಲರ್‌ಗೆ ಹಾಕಿರುವ ಗೇಜನ್ನೂ ಹೀಗೆ ನೋಡಿ. ಬಹಳ ಜನ ವರ್ಷಗಟ್ಟಲೆ ನೋಡಿರುವುದಿಲ್ಲ. ಅಂದ ಹಾಗೆ ಜಗತ್ತಿನಲ್ಲಿ ಮೊದಲ ಸಲ ರಕ್ತದೊತ್ತಡ ಅಳೆದು ಬರೆದಿಟ್ಟದ್ದು ನಮ್ಮ ರೋಗಿಯ ಮೇಲೇ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಹೆಣ್ಣು ಕುದುರೆಯೊಂದರ ತೊಡೆಯ ಧಮನಿಗೆ ಗಾಜಿನ ಕೊಳವೆ ಜೋಡಿಸಿದ, ರಕ್ತ ಎಂಟು ಅಡಿ ಮೂರು ಇಂಚು ಏರಿತು, 1733ರಲ್ಲಿ ಅದನ್ನು ಪ್ರಕಟಿಸಿದ. ಕಿಟಕಿಯ ಹತ್ತಿರ ಸ್ಟೂಲ್ ಹತ್ತಿ ನೀರಿನ ನಳಿಗೆ ಹಿಡಿದು ನಿಂತಾಗ ಈ ಕೆಲಸ ಪಶುವೈದ್ಯರದ್ದೇ ಅಂತ ನನಗೆ ಹೆಮ್ಮೆ ಆಯಿತು.

ಕ್ಯಾನುಲಾ ಹಾಕುವುದು ಕೈಗೆ ಬರಲು ಸಮಯ ಹಿಡಿಯಿತು. ಹಿಂಗಾಲಿನ ಪಾದದ ಮೇಲಿನ ಡಾರ್ಸಲ್ ಪೀಡಲ್ ಧಮನಿ, ದೊಡ್ಡ ನಾಯಿಗೆ 22 ನಂಬರ್ ಕ್ಯಾನುಲಾ, ಚಿಕ್ಕದಕ್ಕೆ ಇನ್ನೂ ಸಣ್ಣ 24. ಮೊದಲ ಒಂಬತ್ತರಲ್ಲಿ ಆರು ಕೆಟ್ಟವು. ಧಮನಿಯ ಎರಡೂ ಗೋಡೆ ಚುಚ್ಚಿ ಆಚೆ ಹೋಗುತ್ತಿದ್ದೆ. ಡೆಕ್ಸ್‌ಮೆಡೆಟೊಮಿಡಿನ್ ಎಂಬ ಮಂಪರು ಔಷಧಿ ಕೊಟ್ಟ ನಾಯಿಯಲ್ಲಂತೂ ನಾಳ ಸಂಕುಚಿತವಾಗಿ ಬೆರಳಿಗೇ ಸಿಗುತ್ತಿರಲಿಲ್ಲ, ಡಾಪ್ಲರ್ ಸದ್ದೂ ಕ್ಷೀಣ. ಏಸ್‌ಪ್ರೊಮಝಿನ್ ಎಂಬ ನಾಳ ಹಿಗ್ಗಿಸುವ ಔಷಧಿ ಕೊಟ್ಟವುಗಳಲ್ಲಿ ಸುಲಭ. ಈಗ ಹತ್ತರಲ್ಲಿ ಎಂಟು ಮೊದಲ ಚುಚ್ಚಿಗೇ ಸಿಗುತ್ತವೆ, ನನ್ನ ಸಹಾಯಕಿ ನನಗಿಂತ ಚೆನ್ನಾಗಿ ಹಾಕುತ್ತಾಳೆ. ಸಂಕುಚಿತವಾದ ನಾಳವನ್ನು ತೆರೆಸಲು ನಾವು ಒಂದು ಉಪಾಯ ಮಾಡುತ್ತೇವೆ. ಅದನ್ನು ಬರೆದು ತಿಳಿಸಲು ಆಗುವುದಿಲ್ಲ, ಕ್ಲಿನಿಕ್ಕಿಗೆ ಬಂದರೆ ಕೈ ಹಿಡಿದು ತೋರಿಸುತ್ತೇನೆ.

ಎರಡು ಅನಾಹುತ ಹೇಳಲೇಬೇಕು. ಒಂದು ಡಾಬರ್‌ಮನ್. ಲೈನ್ ತೆಗೆದ ಮೇಲೆ ಐದು ನಿಮಿಷ ಒತ್ತಿದೆವು, ಬ್ಯಾಂಡೇಜ್ ಕಟ್ಟಿದೆವು, ಸಂಜೆಗೆ ಕಾಲಿನ ಮೇಲೆ ನಿಂಬೆಹಣ್ಣಿನಷ್ಟು ರಕ್ತದ ಗಡ್ಡೆ. ಈ ತಳಿಯಲ್ಲಿ ವಾನ್ ವಿಲ್ಲೆಬ್ರಾಂಡ್ ಸಮಸ್ಯೆ (ರಕ್ತ ಬೇಗ ನಿಲ್ಲದ ಆನುವಂಶಿಕ ಕಾಯಿಲೆ) ಜಾಸ್ತಿ ಅಂತ ಗೊತ್ತಿದ್ದೂ ತುಟಿಯ ಒಳಗೆ ಗೀರಿ ರಕ್ತ ನಿಲ್ಲುವ ಸಮಯ ನೋಡಿರಲಿಲ್ಲ. ಈಗ ಡಾಬರ್‌ಮನ್ ಆದರೆ ಅದು ಮೊದಲು. ಇನ್ನೊಂದು ದಿನ ಗಡಿಬಿಡಿಯಲ್ಲಿ ಅರಿವಳಿಕೆ ಔಷಧಿ ಕೀಟಮಿನ್ ಸಿರಿಂಜ್ ಆರ್ಟೀರಿಯಲ್ ತ್ರೀ ವೇಗೆ ಹೋಗುವುದರಲ್ಲಿತ್ತು. ಧಮನಿಗೆ ಔಷಧಿ ಹೋದರೆ ಪಾದವೇ ಕೊಳೆಯಬಹುದು. ನನ್ನ ಎದೆ ನಡುಗಿತು. ಆವತ್ತಿನಿಂದ ಧಮನಿಯ ಲೈನಿಗೆ ಉದ್ದಕ್ಕೂ ಕೆಂಪು ಟೇಪ್, ಕೊನೆಯ ಮುಚ್ಚಳದ ಮೇಲೂ ಕೆಂಪು ಟೇಪ್. ಇದಿಲ್ಲದೆ ಯಾರೂ ಶುರು ಮಾಡಬೇಡಿ.

ಇನ್ನು ಕಫ್ ಮತ್ತು ಲೈನ್ ಹೋಲಿಸಿದಾಗ ಕಂಡದ್ದು. ಮೀನ್ 60ರ ಮೇಲೆ, ಎದೆಬಡಿತದ ಲಯ ಸರಿ ಇದ್ದು, ಹದಿನೈದು ಕಿಲೋ ಮೇಲಿನ ಲ್ಯಾಬ್, ಜರ್ಮನ್ ಶೆಪರ್ಡ್, ನಮ್ಮ ಬೀದಿ ನಾಯಿಗಳಲ್ಲಿ ಕಫ್ ತೋರಿಸುವ ಮೀನ್ ಲೈನಿಗಿಂತ ಎಂಟು ಹತ್ತರ ಒಳಗೇ ಇರುತ್ತಿತ್ತು. ಅದೇ ಕಫ್‌ನ ಸಿಸ್ಟೋಲಿಕ್ ಬಗ್ಗೆ ನನಗೆ ಗೌರವ ಉಳಿದಿಲ್ಲ. ಕಫ್ ಮೆಷಿನ್ ನಿಜವಾಗಿ ಹಿಡಿಯುವುದು ಅಲುಗಾಟ ಅತಿ ಜಾಸ್ತಿ ಇರುವ ಬಿಂದುವನ್ನು, ಅದು ಮೀನ್. ಉಳಿದ ಎರಡನ್ನು ಕಂಪನಿಯವರ ಲೆಕ್ಕದ ಸೂತ್ರ ಹೇಳುತ್ತದೆ. ಹಾಗಾಗಿ ಸಹಾಯಕರಿಗೆ ಹೇಳಿಬಿಟ್ಟಿದ್ದೇನೆ, ಚಾರ್ಟಿನಲ್ಲಿ ಕಫ್‌ನ ಮೀನ್ ಮಾತ್ರ ಬರೆಯಿರಿ. ಒತ್ತಡ ಇಳಿದಾಗ ನಿಜವಾದ ತೊಂದರೆ. ಲೈನ್ 48 ಅಂದಾಗ ಕಫ್ 62, 65 ಅನ್ನುತ್ತಿತ್ತು. ಕೆಲವು ಸಲ ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿ, ಕೊನೆಗೆ ಏನೋ ಒಂದು ಸಂಖ್ಯೆ ಕೊಡುತ್ತಿತ್ತು. ಹಾಗೆ ಎರಡು ಮೂರು ಸಲ ಊದಿಕೊಂಡು ಕೊಟ್ಟ ಸಂಖ್ಯೆಯನ್ನು ನಾನು ಈಗ ಸಂಖ್ಯೆ ಅಂತ ಪರಿಗಣಿಸುವುದಿಲ್ಲ. ಅದು ಬಿಪಿ ಬಿದ್ದಿದೆ ಎಂಬ ಸುದ್ದಿ, ಅಷ್ಟೇ. ಪಗ್‌ನ 88 ಬಂದದ್ದು ಹೀಗೆ ಮೂರು ಸಲ ಊದಿಕೊಂಡ ಮೇಲೆಯೇ. ಆಗ ನನಗೆ ಅದರ ಅರ್ಥ ಗೊತ್ತಿರಲಿಲ್ಲ.

ಅಮೆರಿಕದ ಪಶುವೈದ್ಯ ತಜ್ಞರ ಸಂಸ್ಥೆ ಎಸಿವಿಐಎಂನವರು 2007ರಲ್ಲಿ ಹೇಳಿ 2018ರಲ್ಲಿ ಪರಿಷ್ಕರಿಸಿದ, ಬಿಪಿ ಮೆಷಿನ್ ಒಪ್ಪಬಹುದಾ ಅಂತ ನೋಡುವ ಅಳತೆಗೋಲಿದೆಯಲ್ಲ, ಸರಾಸರಿ ವ್ಯತ್ಯಾಸ 10ರ ಒಳಗೆ, ಸ್ಟ್ಯಾಂಡರ್ಡ್ ಡೀವಿಯೇಷನ್ (ಸಂಖ್ಯೆಗಳ ಚದುರುವಿಕೆ) 15ರ ಒಳಗೆ ಅಂತ. ಒಂದು ಭಾನುವಾರ ಕೂತು ನನ್ನ ನೋಟ್‌ಬುಕ್ಕಿನ ಸಂಖ್ಯೆಗಳನ್ನು ಅದಕ್ಕೆ ಹಿಡಿದು ನೋಡಿದೆ. ಮೀನ್‌ಗಳನ್ನೆಲ್ಲ ಒಟ್ಟಿಗೆ ಹಾಕಿದರೆ ನನ್ನ ಮೆಷಿನ್ ಪಾಸು. 60ರ ಕೆಳಗಿನವನ್ನು ಬೇರೆ ತೆಗೆದು ನೋಡಿದರೆ ಫೇಲ್. ನಮಗೆ ಮೆಷಿನ್ ಬೇಕಾಗುವುದೇ 60ರ ಕೆಳಗೆ ಅಲ್ವಾ? ಕಂಪನಿಯವರು ತೋರಿಸುವ ಕಾಗದದಲ್ಲಿ ಎಲ್ಲಾ ಒಟ್ಟಿಗೇ ಇರುತ್ತದೆ. ಕೊಳ್ಳುವ ಮೊದಲು ಕಡಿಮೆ ಒತ್ತಡದ್ದನ್ನು ಬೇರೆಯಾಗಿ ಕೇಳಿ.

ಕಫ್‌ನ ಅಗಲದಲ್ಲಿ ನಾನು ಬಹಳ ದಿನ ಉಡಾಫೆ ಮಾಡಿದ್ದೆ. ನವಜಾತ ಶಿಶುಗಳ ಒಂದರಿಂದ ಐದು ನಂಬರ್ ಕಫ್‌ಗಳಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟುತ್ತಿದ್ದೆವು. ಈಗ ದರ್ಜಿಯ ಟೇಪ್ ಟೇಬಲ್ಲಿಗೇ ನೇತು ಹಾಕಿದ್ದೇನೆ. ಕಾಲಿನ ಸುತ್ತಳತೆಯ ಶೇಕಡಾ 40 ಅಗಲ, 12 ಸೆಂಟಿಮೀಟರ್ ಕಾಲಿಗೆ 5ರ ಹತ್ತಿರ. ಸಂದೇಹ ಇದ್ದವರಿಗಾಗಿ ಒಂದು ಲ್ಯಾಬ್ ಮೇಲೆ ಬೇಕಂತಲೇ ಮೂರು ಅಳತೆ ಕಟ್ಟಿ ನೋಡಿದೆ. ಲೈನ್ ಅಲ್ಲಾಡದೆ 74ರಲ್ಲಿ ನಿಂತಿತ್ತು. ಚಿಕ್ಕ ಕಫ್ 90 ಅಂದಿತು, ಸರಿಯಾದದ್ದು 77, ದೊಡ್ಡದು 66. ಎತ್ತರದ್ದೂ ಹಾಗೇ. ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗೆ ಜೋತು ಬಿದ್ದ ಕಾಲು ಸುಮ್ನೆ 7 ಎಂಎಂಗೂ ಜಾಸ್ತಿ ಸೇರಿಸಿ ಹೇಳುತ್ತದೆ. ಮಳೆಗಾಲದಲ್ಲಿ ಇಲ್ಲಿಯ ತೇವಕ್ಕೆ ವೆಲ್ಕ್ರೋ ಹಿಡಿತ ಹೋಗುತ್ತದೆ, ಊದುವಾಗ ಸರಿದು ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಫ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ. ಆದರೂ ವರ್ಷಕ್ಕೆ ಎರಡು ಸೆಟ್ ಬಿಸಾಡಬೇಕು, ಆ ಖರ್ಚಿಗೆ ಜಿಪುಣತನ ಮಾಡಬಾರದು.

ಡ್ಯಾಶ್‌ಹೌಂಡ್ ಕಾಲು ಶಂಕುವಿನ ಹಾಗೆ ಇರುವುದರಿಂದ ಕಫ್ ಕೂರುವುದಿಲ್ಲ. ಬಾಲದ ಬುಡಕ್ಕೆ ಕಟ್ಟಿ ನೋಡಿದೆ, ಆರು ನಾಯಿಗಳಲ್ಲಿ ನಾಲ್ಕರಲ್ಲಿ ಲೈನಿಗೆ ಚೆನ್ನಾಗಿ ಹೊಂದಿತು. ಆರು ಸಾಲದು, ಇನ್ನೂ ನೋಡುತ್ತಿದ್ದೇನೆ.

ಡಾಪ್ಲರ್ ಬಗ್ಗೆ ನನಗೆ ಪ್ರೀತಿ ಜಾಸ್ತಿ. ಸಂಖ್ಯೆಗಿಂತ ಅದರ ಸದ್ದಿಗಾಗಿ. ಮುಂಗಾಲಿನ ದಪ್ಪ ಮೆತ್ತೆಯ ಮೇಲ್ಗಡೆ ಹಿಂಬದಿಯಲ್ಲಿ ಕೂದಲು ಬೋಳಿಸಿ ಪೆನ್ ಕೂರಿಸಿದರೆ ಆಪರೇಷನ್ ಮುಗಿಯುವ ತನಕ ಶ್ರುತಿಪೆಟ್ಟಿಗೆಯ ಹಾಗೆ ಹಿನ್ನೆಲೆಯಲ್ಲಿ ಕೇಳುತ್ತಿರುತ್ತದೆ. ಸದ್ದು ತೆಳುವಾದ ಕೂಡಲೇ ನನ್ನ ಕೈ ಐಸೋ ಡಯಲ್ ಕಡೆ ಹೋಗುತ್ತದೆ. ಕಫ್ ಐದು ನಿಮಿಷಕ್ಕೊಮ್ಮೆ ಹೇಳುವುದನ್ನು ಇದು ಆ ಕ್ಷಣದಲ್ಲೇ ಹೇಳುತ್ತದೆ. ಎರಡು ಗಂಟೆ ಪೆನ್ ಜಾರದ ಹಾಗೆ ಕೂರಿಸುವ ಒಂದು ಕಟ್ಟು ನಾನು ಮಾಡಿಕೊಂಡಿದ್ದೇನೆ, ಅದು ಇನ್ನೂ ತಿದ್ದುಪಡಿಯಲ್ಲಿದೆ, ಹಾಗಾಗಿ ಸದ್ಯಕ್ಕೆ ಹೇಳುವುದಿಲ್ಲ. ಜೆಲ್ ಒಣಗಲು ಬಿಡಬೇಡಿ, ಪೆನ್ನಿನ ತುದಿಯ ಹರಳಿನ ಮೇಲೆ ಸ್ಪಿರಿಟ್ ಹಾಕಬೇಡಿ.

ಬೆಕ್ಕಿನ ವಿಷಯ ಬೇರೆ. ಅರಿವಳಿಕೆಯಲ್ಲಿರುವ ಬೆಕ್ಕಿನಲ್ಲಿ ಡಾಪ್ಲರ್ ಸಿಸ್ಟೋಲಿಕ್ಕಿಗಿಂತ ಕಡಿಮೆ ಹೇಳುತ್ತದೆ, 14 ಕೂಡಿಸಿ ಅಂತ 1992ರ ಒಂದು ಅಧ್ಯಯನದಿಂದ ಬಂದ ಲೆಕ್ಕ. ಅದು ಮೀನ್‌ಗೇ ಹತ್ತಿರ ಅಂತ ಹೇಳುವವರೂ ಇದ್ದಾರೆ. ನನ್ನ ನಾಲ್ಕು ಪರ್ಷಿಯನ್ ಬೆಕ್ಕುಗಳಲ್ಲಿ ಡಾಪ್ಲರ್ ಸಂಖ್ಯೆ ಗೇಜ್ ತೋರಿಸಿದ ಮೀನ್‌ಗಿಂತ ಐದರಿಂದ ಹನ್ನೆರಡು ಮೇಲೆ ಇತ್ತು. ಹಾಗಾಗಿ ನಾನು ಏನನ್ನೂ ಕೂಡಿಸುವುದಿಲ್ಲ. ಬೆಕ್ಕಿನ ಡಾಪ್ಲರ್ 80ಕ್ಕೆ ಬಂದರೆ ಕಣ್ಣಿಡುತ್ತೇನೆ, 70ಕ್ಕೆ ಬಂದರೆ ಕೆಲಸ ಶುರು. ಮೊದಲು ಐಸೋ ಇಳಿಸುವುದು, ನೋವಿಗೆ ಫೆಂಟನಿಲ್ ಸೇರಿಸುವುದು, ಎದೆಬಡಿತ ನಿಧಾನ ಇದ್ದರೆ ಅಟ್ರೋಪಿನ್, ಆಮೇಲೆ ಸಲೈನಿನ ಸಣ್ಣ ಬೋಲಸ್ (ಒಮ್ಮೆಗೇ ಕೊಡುವ ಪ್ರಮಾಣ). ಬೆಕ್ಕಿಗೆ ಲೀಟರುಗಟ್ಟಲೆ ಸಲೈನ್ ಸುರಿಯುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ, ಸಂಖ್ಯೆ ಮೇಲೇರುವುದಿಲ್ಲ, ಶ್ವಾಸಕೋಶಕ್ಕೆ ನೀರು ಸೇರುತ್ತದೆ.

ಡಯಲ್ ಗೇಜ್ ನಿಜಕ್ಕೂ ನಂಬಿಕೆಗೆ ಅರ್ಹವಾ ಅಂತ ಕೇಳುವವರು ಕೊನೆಯ ತನಕ ಕೇಳಿದರು. ಪುಣೆಯಲ್ಲಿ ದೊಡ್ಡ ಕ್ಲಿನಿಕ್ ಇಟ್ಟಿರುವ ನಮ್ಮ ಧಾರವಾಡ ಕಡೆಯ ಗೆಳೆಯರೊಬ್ಬರು ಎಲ್ಲರಿಗಿಂತ ಜಾಸ್ತಿ ವಾದ ಮಾಡಿದವರು. ಅವರ ಹತ್ತಿರ ಸರಿಯಾದ ಟ್ರಾನ್ಸ್‌ಡ್ಯೂಸರ್ ಮಾನಿಟರ್ ಇದೆ. ಅದನ್ನು ಕಾರಿನಲ್ಲಿ ಹಾಕಿಕೊಂಡು ಒಂದು ಶನಿವಾರ ಬಂದರು. ಒಂದೇ ಲೈನಿಗೆ ತ್ರೀ ವೇ ಮೂಲಕ ಎರಡನ್ನೂ ಜೋಡಿಸಿದೆವು. ಮೊದಲ ನಾಯಿಯಲ್ಲಿ ಅವರ ಮಾನಿಟರ್ 84/66, ಮೀನ್ 72. ನನ್ನ ಗೇಜ್ 71. ನೋಡಿ, ಮೀನ್ ಹೊಂದಿತು ಅಂದೆ. ಆದರೆ ಪರದೆಯ ಮೇಲಿನ ಒತ್ತಡದ ಅಲೆ ನೋಡಲು ಬೋಳು ಗುಡ್ಡದ ಹಾಗೆ ಇತ್ತು. ಲೈನಿಗೆ ಸಲೈನ್ ಒತ್ತುವ ಫ್ಲಶ್ ಎಳೆದು ಬಿಟ್ಟರೆ ಅಲೆ ಕುಣಿಯದೆ ಸುಮ್ಮನೆ ಕೆಳಗಿಳಿಯಿತು. ಹುಡುಕಿದರೆ ತ್ರೀ ವೇ ಮೂಲೆಯಲ್ಲಿ ಸಾಸಿವೆಯಷ್ಟು ಗಾಳಿ ಗುಳ್ಳೆ. ಅದನ್ನು ತೆಗೆದ ಕೂಡಲೇ 106/55 ಆಯಿತು, ಮೀನ್ ಮಾತ್ರ ಅದೇ 72. ಗುಳ್ಳೆ ಸಿಸ್ಟೋಲಿಕ್ಕನ್ನು ತಗ್ಗಿಸುತ್ತದೆ, ಡಯಾಸ್ಟೋಲಿಕ್ಕನ್ನು (ಕೆಳಗಿನ ಸಂಖ್ಯೆ) ಏರಿಸುತ್ತದೆ, ಮೀನನ್ನು ಹೆಚ್ಚು ಕಡಿಮೆ ಮುಟ್ಟುವುದಿಲ್ಲ. ಎರಡು ವಾರಾಂತ್ಯದಲ್ಲಿ ಐದಾರು ನಾಯಿ ನೋಡಿದೆವು. ನನ್ನ ಗೇಜ್ ಅವರ ಮಾನಿಟರ್‌ಗಿಂತ ನಾಲ್ಕಕ್ಕಿಂತ ಜಾಸ್ತಿ ತಪ್ಪಲಿಲ್ಲ. ಹೋಗುವಾಗ ಅವರು ನನ್ನ ನಳಿಗೆಯ ಜೋಡಣೆಯ ಫೋಟೋ ತೆಗೆದುಕೊಂಡು ಹೋದರು. ಈಗ ಅವರ ಎರಡನೇ ಟೇಬಲ್ಲಿನಲ್ಲೂ ಡಯಲ್ ಗೇಜ್ ಇದೆ.

ಎಲ್ಲಾ ಕೇಸಿಗೂ ಲೈನ್ ಹಾಕುವುದಿಲ್ಲ. ಎಳೆಯ, ಆರೋಗ್ಯವಂತ ನಾಯಿಯ ಸ್ಪೇಗೆ (ಸಂತಾನಹರಣ ಆಪರೇಷನ್) ಡಾಪ್ಲರ್ ಮತ್ತು ಕಫ್‌ನ ಮೀನ್ ಸಾಕು. ಪಯೋಮೆಟ್ರಾ, ಸ್ಪ್ಲೀನ್ (ಗುಲ್ಮ), ಜಿಡಿವಿ (ಜಠರ ಉಬ್ಬಿ ತಿರುಚಿಕೊಳ್ಳುವುದು), ಕಿಡ್ನಿ ಸರಿಯಿಲ್ಲದ ಮುದಿ ನಾಯಿಯ ಹಲ್ಲು ಕೆಲಸ, ಇವಕ್ಕೆ ಲೈನ್ ಖಂಡಿತ. ಬಿಲ್ಲಿಗೆ ಆರುನೂರು ಸೇರಿಸುತ್ತೇನೆ, ಯಾಕೆ ಅಂತ ಮಾಲೀಕರಿಗೆ ಗೇಜ್ ತೋರಿಸಿ ವಿವರಿಸುತ್ತೇನೆ, ಇಲ್ಲಿಯವರೆಗೆ ಯಾರೂ ಚೌಕಾಸಿ ಮಾಡಿಲ್ಲ. ಕಳೆದ ತಿಂಗಳು ಉಡುಪಿ ಹೋಟೆಲಿನವರೊಬ್ಬರ ಹತ್ತು ವರ್ಷದ ಲ್ಯಾಬ್ ಸ್ಪ್ಲೀನ್ ಒಡೆದು ಬಂತು. ಹೊಟ್ಟೆ ತೆರೆದ ಕೂಡಲೇ ಮುಳ್ಳು 70ರಿಂದ 44ಕ್ಕೆ ಬಿತ್ತು, ಕಫ್ ಆಗ ಇನ್ನೂ 67 ಅನ್ನುತ್ತಿತ್ತು. ಐಸೋ 1ಕ್ಕೆ ಇಳಿಸಿ, ರಕ್ತ ಏರಿಸಿ, ಬಿಪಿ ಏರಿಸುವ ನಾರಡ್ರಿನಲಿನ್ ಶುರು ಮಾಡಿದೆವು. ಹನ್ನೆರಡು ಹದಿಮೂರು ನಿಮಿಷಕ್ಕೆ ಮುಳ್ಳು 65 ದಾಟಿತು, ಅಲ್ಲೇ ನಿಂತಿತು. ಸಹಾಯಕಿ ಜೋರಾಗಿ ಸಂಖ್ಯೆ ಓದುತ್ತಲೇ ಇದ್ದಳು, ನಾನು ಹೊಲಿಗೆ ಹಾಕಿ ಮುಗಿಸಿದೆ. ನಾಲ್ಕನೇ ದಿನ ಕ್ರಿಯಾಟಿನಿನ್ 1.1 ಇತ್ತು.